ಹತ್ತಕ್ಕೆ ಎಷ್ಟು

ಸಲಹಾ ಕೇಂದ್ರದಲ್ಲಿ ಕೊಟ್ಟ ಹಾಳೆಯ ನೆತ್ತಿಯ ಮೇಲೆ 'ಮನೆಯಲ್ಲೇ ಮನಸ್ಸು ಹಗುರ ಮಾಡಿಕೊಳ್ಳಲು ಹನ್ನೆರಡು ದಾರಿ' ಎಂದು ಅಚ್ಚಾಗಿತ್ತು. ಎಡಗಡೆ ದಾರಿಗಳು, ಬಲಗಡೆ ಎರಡು ಖಾನೆ. ಮಾಡುವ ಮೊದಲು ಮನಸ್ಸು ಹತ್ತಕ್ಕೆ ಎಷ್ಟಿತ್ತು, ಮಾಡಿದ ಮೇಲೆ ಎಷ್ಟಾಯಿತು. ದಿನಕ್ಕೊಂದು ಹಾಳೆ.

"ಎಲ್ಲಾ ಮಾಡ್ಲೇಬೇಕು ಅಂತಿಲ್ಲ ಮೇಡಂ. ಮೂರು ಮಾಡಿದ್ರೂ ಸಾಕು. ಆದ್ರೆ ಅಂಕಿ ಮಾತ್ರ ಇದ್ದ ಹಾಗೇ ಬರೀರಿ" ಎಂದಳು ಸಲಹೆಗಾರ್ತಿ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದಳು.

"ಅದೇ ನನ್ನ ಕೆಲಸ" ಎಂದೆ. ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ನಾನು ಅಂಕಿಅಂಶ ಕಚೇರಿಯಲ್ಲಿ ಪರಿಶೀಲನೆ ವಿಭಾಗದವಳು. ಸಮೀಕ್ಷೆಗೆ ಹೋದವರು ಮನೆಮನೆಯ ಬಾಗಿಲು ತಟ್ಟಿ, ಎಷ್ಟು ಜನ, ಎಷ್ಟು ಕೋಣೆ, ನೀರು ಎಲ್ಲಿಂದ ಎಂದು ಕೇಳಿ ಫಾರ್ಮು ತುಂಬಿಕೊಂಡು ಬರುತ್ತಾರೆ. ಅವುಗಳಲ್ಲಿ ಬಾಗಿಲು ತಟ್ಟಿ ತುಂಬಿದ್ದು ಯಾವುದು, ನೆರಳಲ್ಲಿ ಕೂತು ತುಂಬಿದ್ದು ಯಾವುದು ಎಂದು ನಾನು ಬೇರ್ಪಡಿಸಬೇಕು. ಎರಡನೆಯದಕ್ಕೆ ನಮ್ಮಲ್ಲಿ 'ಮರದಡಿ ಫಾರ್ಮು' ಎಂದು ಹೆಸರು. ಮರದಡಿ ಕೂತವನಿಗೆ ಐದು, ಹತ್ತು ಎಂದರೆ ಪ್ರಾಣ. ಅವನ ಮನೆಗಳಲ್ಲಿ ಯಾರಿಗೂ ಮೂವತ್ತೇಳು ವರ್ಷ ಆಗುವುದಿಲ್ಲ. ಎಲ್ಲರಿಗೂ ಮೂವತ್ತೈದು, ಇಲ್ಲವೇ ನಲವತ್ತು. ಅವನ ಪೆನ್ನು ನಡುದಾರಿಯಲ್ಲಿ ಖಾಲಿಯಾಗುವುದಿಲ್ಲ, ಕಾಗದಕ್ಕೆ ಬೆವರು ತಾಗಿರುವುದಿಲ್ಲ.

ನನ್ನ ಗಂಡ ಸಮೀಕ್ಷೆಗೆ ಹೋಗುವವನಾಗಿದ್ದ. ಅವನನ್ನು ಮೊದಲು ನೋಡಿದ್ದು ಅವನ ಮೂವತ್ತು ಫಾರ್ಮುಗಳನ್ನು ತಳ್ಳಿಹಾಕಿದ ಮರುದಿನ. ಅಷ್ಟು ಚೊಕ್ಕವಾಗಿದ್ದವು. "ಏನ್ರೀ, ಅಕ್ಷರ ದುಂಡಗಿರೋದೂ ಅಪರಾಧಾನಾ?" ಎಂದು ಮೇಜಿನ ಮುಂದೆ ಬಂದು ನಿಂತ. ಆಮೇಲೆ ಮೂವತ್ತು ಮನೆಗೂ ನನ್ನನ್ನು ಕರೆದುಕೊಂಡು ಹೋದ. ಮೂವತ್ತೂ ನಿಜವಾಗಿದ್ದವು. ಹನ್ನೊಂದು ತಿಂಗಳ ಹಿಂದೆ ಸಮೀಕ್ಷೆಗೆ ಹೋದ ಒಂದು ಕಟ್ಟಡದ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತ. ಏಳಲಿಲ್ಲ. ಮೂವತ್ತನಾಲ್ಕು ವರ್ಷ.

ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಮಗಳಿಗೆ ಆರು. ಸಿಕ್ಕ ಪೆನ್ಸಿಲ್ಲನ್ನೆಲ್ಲ ಕಡಿಯುತ್ತಾಳೆಂದು ಅವಳಪ್ಪ ಅವಳನ್ನು ಇಲಿ ಎಂದು ಕರೆಯುತ್ತಿದ್ದ. ಈಗ ಎಲ್ಲರಿಗೂ ಅವಳು ಇಲಿ. ಅವನು ಹೋದ ಎಂಟನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ನಾನು ಅವಳನ್ನು ಶಾಲೆಯಿಂದ ಕರೆತರಲು ಹೋಗಲಿಲ್ಲ. ಮರೆತೆ ಎಂದು ಎಲ್ಲರಿಗೂ ಹೇಳಿದೆ. ಮರೆತಿರಲಿಲ್ಲ. ಮಂಚದ ಮೇಲೆ ಎಚ್ಚರವಾಗಿಯೇ ಮಲಗಿದ್ದೆ. ಎದುರಿಗೆ ಗಡಿಯಾರ ಇತ್ತು. ಮೂರೂವರೆ ಆಯಿತು, ಮೂರೂಮುಕ್ಕಾಲು ಆಯಿತು, ಈಗ ಏಳಬೇಕು ಎಂದು ಗೊತ್ತಿತ್ತು. ಗೊತ್ತಿದ್ದುದು ಕಾಲಿಗೆ ತಲುಪಲಿಲ್ಲ. ಆರು ಗಂಟೆಗೆ ಶಾಲೆಯ ಕಾವಲುಗಾರ ಅವಳನ್ನು ಕರೆತಂದು ಬಿಟ್ಟ. ಮುಂದಿನ ವಾರವೂ ಹಾಗೇ ಆಯಿತು.

ಆಗ ನನ್ನ ಗಂಡನ ಅಕ್ಕ ಬಂದಳು. ನಾನೂ ಅವಳನ್ನು ಅಕ್ಕ ಎಂದೇ ಕರೆಯುವುದು. ಊರಿನ ಆ ತುದಿಯಲ್ಲಿ ಮನೆ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ. ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದುಬಿಟ್ಟಿದ್ದಳು. ಅದು ಅವಳಿಗೆ ಬಸ್ಸಿನಲ್ಲೂ ಗಮನಕ್ಕೆ ಬಂದಿರಲಿಲ್ಲ. ಅಡುಗೆಮನೆ ನೋಡಿದಳು, ನನ್ನ ತಲೆ ನೋಡಿದಳು, ಇಲಿಯ ಚೀಲಕ್ಕೆ ಬಟ್ಟೆ ತುಂಬಿದಳು. ಶಾಲೆಯ ವರ್ಷದಲ್ಲಿ ಉಳಿದ ಎರಡು ತಿಂಗಳು ದಿನಾ ಎರಡು ಬಸ್ಸು ಬದಲಿಸಿ ಅವಳನ್ನು ಅದೇ ಶಾಲೆಗೆ ಕರೆತಂದು ಬಿಟ್ಟು ಹೋದಳು. ರಜೆ ಶುರುವಾದ ದಿನ ನನ್ನನ್ನು ಕೂರಿಸಿಕೊಂಡು ಹೇಳಿದಳು.

"ನೋಡಮ್ಮ, ಮಗು ನಿನ್ನದು. ನಾನೇನು ಕಿತ್ಕೊಂಡು ಹೋಗ್ತಿಲ್ಲ. ಆದ್ರೆ ಶಾಲೆ ಶುರುವಾಗೋದ್ರೊಳಗೆ ಆ ಸಲಹೆ ಹುಡುಗಿ ನೀನು ಸರಿಹೋದೆ ಅಂತ ಬರೆದು ಕೊಡ್ಲಿ. ಇಲ್ಲಾಂದ್ರೆ ನಮ್ಮ ಬೀದಿ ಶಾಲೆಗೆ ಸೇರಿಸ್ಬಿಡ್ತೀನಿ. ವರ್ಷದ ನಡುವೆ ಆ ಕಡೆ ಈ ಕಡೆ ಎಳೆದಾಡೋಕೆ ಅವಳೇನು ಬಟ್ಟೆ ತುಂಡಾ?"

"ಒಂದ್ಸಲ ಸೇರಿಸಿದ್ರೆ ಮತ್ತೆ ಬರಲ್ಲ ಅಲ್ವಾ ಅಕ್ಕ?"

"ನಾನು ಹಾಗಂದ್ನಾ?" ಎಂದಳು. ಹಾಗೆ ಅಂದಿರಲಿಲ್ಲ. ಆದರೆ ನನ್ನ ಮುಖವನ್ನೂ ನೋಡಲಿಲ್ಲ.

ಶಾಲೆ ಶುರುವಾಗಲು ಆರು ವಾರ ಇತ್ತು.

ಮೊದಲ ವಾರ ನಾನು ಹಾಳೆಯಲ್ಲಿ ಹೇಳಿದ್ದನ್ನು ನಿಷ್ಠೆಯಿಂದ ಮಾಡಿದೆ. 'ಎದ್ದ ಕೂಡಲೇ ಕಿಟಕಿ ತೆರೆಯಿರಿ.' ತೆರೆದೆ. ಎದುರು ಮನೆಯವರು ಚಾಪೆ ಕೊಡವುತ್ತಿದ್ದರು. ಮೊದಲು ಎರಡು, ಆಮೇಲೆ ಎರಡು. 'ಹತ್ತು ನಿಮಿಷ ಬಿಸಿಲಲ್ಲಿ ಕುಳಿತುಕೊಳ್ಳಿ.' ನಮ್ಮ ಮನೆಗೆ ಬಿಸಿಲು ಬರುವುದು ಸ್ನಾನದ ಕೋಣೆಯ ಮುಂದಿನ ಒಂದು ಚೌಕಕ್ಕೆ ಮಾತ್ರ. ಅಲ್ಲಿ ಮಣೆ ಹಾಕಿ ಕೂತೆ. ಬಿಸಿಲು ಸರಿದ ಹಾಗೆ ಮಣೆ ಸರಿಸಿದೆ. ಎರಡು, ಎರಡು. 'ಇಷ್ಟದ ಹಾಡು ಕೇಳಿ.' ಇಷ್ಟ ಯಾವುದೆಂದು ನೆನಪಿಗೆ ಬರಲಿಲ್ಲ. ರೇಡಿಯೋ ಹಾಕಿದೆ, ಅದರಲ್ಲಿ ಗೊಬ್ಬರದ ಬಗ್ಗೆ ಹೇಳುತ್ತಿದ್ದರು, ಪೂರ್ತಿ ಕೇಳಿದೆ. 'ಒಂದು ಕಪಾಟನ್ನು ಒಪ್ಪ ಮಾಡಿ.' ಎಲ್ಲ ಕೆಳಗಿಳಿಸಿದೆ. ಮತ್ತೆ ಮೇಲಿಡಲು ಮೂರು ದಿನ ಬೇಕಾಯಿತು. ಅಷ್ಟು ದಿನ ಪಾತ್ರೆಗಳನ್ನು ದಾಟಿಕೊಂಡು ಓಡಾಡಿದೆ.

'ಆತ್ಮೀಯರೊಬ್ಬರಿಗೆ ಫೋನ್ ಮಾಡಿ.' ಅಕ್ಕನಿಗೆ ಮಾಡಿದೆ.

"ಹೇಳು."

"ಏನಿಲ್ಲ. ಫೋನ್ ಮಾಡಿ ಅಂತ ಬರೆದಿದೆ."

"ಎಲ್ಲಿ ಬರೆದಿದೆ?"

"ಹಾಳೆಯಲ್ಲಿ."

"ಮಾಡಿದ್ಯಲ್ಲ, ಸರಿ ಹಾಕ್ಕೋ. ಮೆಷಿನ್ ಮೇಲೆ ಕೂತಿದೀನಿ ಮಾರಾಯ್ತಿ, ಇನ್ನೂ ಹದಿನಾಲ್ಕು ಲಂಗ ಇದೆ. ಇರು, ಇಲಿಗೆ ಕೊಡ್ತೀನಿ."

"ಅಮ್ಮ, ನಂಗೆ ಹಲ್ಲು ಅಲ್ಲಾಡ್ತಿದೆ" ಎಂದಳು ಇಲಿ.

"ಯಾವುದು?"

"ಮುಂದಿಂದು. ಬಿದ್ದು ಹೋಗೋ ಮುಂಚೆ ಬರ್ತೀಯಾ? ನಾಲಿಗೇಲಿ ತಳ್ಳಿದ್ರೆ ಬಾಗಿಲು ಥರ ತೆಗೆಯತ್ತೆ."

"ಬರ್ತೀನಿ."

"ಯಾವತ್ತು?"

ಫೋನ್ ಇಟ್ಟು ಹಾಳೆ ತೆಗೆದೆ. ಮೊದಲು ಎರಡು. ಆಮೇಲಿನ ಖಾನೆಯ ಮುಂದೆ ಬಹಳ ಹೊತ್ತು ಕೂತೆ. ನೋಯಬೇಕಿತ್ತು ಎಂದು ಗೊತ್ತಿತ್ತು. ಜೋಮು ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ನೋಡಿದ ಹಾಗಿತ್ತು. ಎರಡು ಎಂದೇ ಬರೆದೆ.

ಸಲಹೆಗಾರ್ತಿ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. "ಒಂದು ವಾರದಲ್ಲಿ ಏನೂ ಹೇಳೋಕಾಗಲ್ಲ ಮೇಡಂ. ಡಾಕ್ಟರ್ ಕೊಟ್ಟಿರೋ ಮಾತ್ರೆ ನಿಲ್ಲಿಸ್ಬೇಡಿ. ಈ ವಾರ ಇನ್ನೊಂಚೂರು ಜಾಸ್ತಿ ಮಾಡಿ."

ಎರಡನೆಯ ವಾರ ದಿನಕ್ಕೆ ಹನ್ನೆರಡೂ ಮಾಡಿದೆ. ಗಿಡಕ್ಕೆ ನೀರು ಹಾಕಿದೆ. ಮಹಡಿ ಹತ್ತಿ ಇಳಿದೆ. ಒಂಬತ್ತರೊಳಗೆ ಸ್ನಾನ ಮಾಡಿದೆ. ಕೈಯಾರೆ ಅಡುಗೆ ಮಾಡಿ ತಟ್ಟೆಯಲ್ಲಿ ಹಾಕಿಕೊಂಡು ಕೂತು ಉಂಡೆ. ಒಳ್ಳೆಯದಾದ ಮೂರು ಸಂಗತಿ ಬರೆದೆ: ಕರೆಂಟು ಹೋಗಲಿಲ್ಲ, ಹಾಲು ಒಡೆಯಲಿಲ್ಲ, ಯಾರೂ ಬರಲಿಲ್ಲ. ಸಂಜೆಯ ಹೊತ್ತಿಗೆ ಮೂಟೆ ಹೊತ್ತವಳ ಹಾಗೆ ಮೈ ಬಿದ್ದುಹೋಗುತ್ತಿತ್ತು. ಎರಡು, ಎರಡು, ಒಂದು, ಎರಡು. ಒಮ್ಮೆ ಮೂರು ಬರೆದೆ. ಅದು ಗಿಡದ್ದೋ ಸ್ನಾನದ್ದೋ ನೆನಪಿಲ್ಲ. ಮರುದಿನ ಅದನ್ನೇ ಎರಡು ಸಲ ಮಾಡಿ ನೋಡಿದೆ. ಎರಡೇ ಬಂತು.

"ನೀವು ಪ್ರಯತ್ನಪಡ್ತಿದೀರ, ಅದೇ ದೊಡ್ಡದು" ಎಂದಳು ಸಲಹೆಗಾರ್ತಿ. ಪತ್ರದ ವಿಷಯ ಕೇಳಿದೆ. ಪೆನ್ನಿನ ಮುಚ್ಚಳ ಹಾಕಿದಳು. "ಇಷ್ಟರ ಮೇಲೆ ಹೇಗೆ ಬರ್ದುಕೊಡ್ಲಿ ಹೇಳಿ? ಸ್ವಲ್ಪನಾದ್ರೂ ಏರ್ಬೇಕಲ್ವಾ?"

ನಾಲ್ಕು ವಾರ ಉಳಿದಿತ್ತು.

ಮೂರನೆಯ ವಾರದ ಏಳು ಹಾಳೆಗಳನ್ನು ನಾನು ಒಂದೇ ಮಧ್ಯಾಹ್ನ ಊಟದ ಮೇಜಿನ ಮುಂದೆ ಕೂತು ತುಂಬಿದೆ.

ಸುಳ್ಳು ಹೇಳುವವರು ಏಣಿ ಹತ್ತುತ್ತಾರೆ. ಮೂರು, ನಾಲ್ಕು, ಐದು, ಆರು. ನಿಜ ಹಾಗೆ ಹತ್ತುವುದಿಲ್ಲ. ಮೂರರಿಂದ ನಾಲ್ಕಕ್ಕೆ ಬಂದು ಎರಡಕ್ಕೆ ಜಾರುತ್ತದೆ, ಎರಡು ದಿನ ಅಲ್ಲೇ ಕೂರುತ್ತದೆ, ಯಾವ ಕಾರಣವೂ ಇಲ್ಲದೆ ಐದಕ್ಕೆ ಹಾರುತ್ತದೆ. ಹಾಗೇ ಬರೆದೆ. ಮೂರು ಪೆನ್ನು ಇಟ್ಟುಕೊಂಡೆ. ಬುಧವಾರದ ಹಾಳೆಯನ್ನು ಅಡುಗೆಮನೆಗೆ ಒಯ್ದು ಒದ್ದೆ ಕೈಯಲ್ಲಿ ಮುಟ್ಟಿದೆ. ಭಾನುವಾರ ನಾಲ್ಕು ಖಾನೆ ಖಾಲಿ ಬಿಟ್ಟೆ. ಭಾನುವಾರ ಯಾರೂ ಪೂರ್ತಿ ತುಂಬುವುದಿಲ್ಲ. ಸ್ನಾನಕ್ಕೆ ಯಾವತ್ತೂ ಹೆಚ್ಚು ಅಂಕ ಕೊಡಲಿಲ್ಲ, ಗಿಡಕ್ಕೆ ಕೊಟ್ಟೆ. ಒಬ್ಬ ಮನುಷ್ಯನಿಗೆ ಒಂದು ರುಚಿ ಇರಬೇಕು. ಗುರುವಾರ ಎಲ್ಲವನ್ನೂ ಒಂದಕ್ಕೆ ಇಳಿಸಿದೆ. ಮುಗಿಸಿ ತಲೆಯೆತ್ತಿದಾಗ ಎರಡು ಗಂಟೆ ಕಳೆದಿತ್ತು. ಹನ್ನೊಂದು ತಿಂಗಳಲ್ಲಿ ಹೊತ್ತು ಹೋದದ್ದೇ ಗೊತ್ತಾಗದಿದ್ದ ಎರಡು ಗಂಟೆ ಅದೊಂದೇ. ನಿಜ ಬರೆಯುವುದಿದ್ದರೆ ಅದಕ್ಕೆ ನಾಲ್ಕು ಕೊಡುತ್ತಿದ್ದೆ. ಅದಕ್ಕೆ ಹಾಳೆಯಲ್ಲಿ ಖಾನೆ ಇರಲಿಲ್ಲ.

ಸಲಹೆಗಾರ್ತಿಯ ಬೆರಳು ನೇರವಾಗಿ ಗುರುವಾರದ ಮೇಲೆ ನಿಂತಿತು.

"ಈ ದಿನ ಏನಾಯ್ತು?"

"ಬೀರು ತೆಗೆದೆ. ಅವರ ಅಂಗಿ ಕೈಗೆ ಸಿಕ್ತು."

ಅವಳ ಕಣ್ಣು ತುಂಬಿತು. "ಅತ್ರಾ?"

"ಹೂಂ."

"ಅಳಬೇಕು ಮೇಡಂ. ಅತ್ತಿದ್ದು ಒಳ್ಳೇದಾಯ್ತು. ಮಾರನೇ ದಿನ ನೋಡಿ, ನಾಲ್ಕು ಬಂದಿದೆ."

ಅಂಗಿಗಳು ಬೀರುವಿನಲ್ಲಿ ಇದ್ದದ್ದು ನಿಜ. ದಿನಾ ಅದೇ ಬೀರುವಿನಿಂದ ನನ್ನ ಬಟ್ಟೆ ತೆಗೆಯುತ್ತಿದ್ದೆ. ಅವು ಅಂಗಿಗಳಾಗಿದ್ದವು, ಅಷ್ಟೆ. ಅವಳು ಮೇಜಿನಾಚೆಯಿಂದ ನನ್ನ ಕೈ ಹಿಡಿದುಕೊಂಡಳು. ಒಳ್ಳೆಯ ಹುಡುಗಿ. ನನ್ನ ಕಚೇರಿಯಲ್ಲಿದ್ದಿದ್ದರೆ ಒಂದು ವಾರವೂ ಉಳಿಯುತ್ತಿರಲಿಲ್ಲ.

ಐದನೆಯ ವಾರ ಸರಾಸರಿ ಆರು ಮುಟ್ಟಿತು. ಆರನೆಯ ವಾರ ಪತ್ರ ಕೊಟ್ಟಳು. ಜೊತೆಗೆ, ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದಳು.

ಅಕ್ಕ ಪತ್ರವನ್ನು ಎರಡು ಸಲ ಓದಿದಳು. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದಳು. "ಏಳು ಅಂತ ಹಾಕಿದಾಳೆ ಕಣೆ ಹತ್ತಕ್ಕೆ! ನನ್ನ ಯಾರಾದ್ರೂ ಕೇಳಿದ್ರೆ ಐದು ದಾಟಲ್ಲ" ಎಂದು ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಲೀ, ನಿಮ್ಮಮ್ಮ ಏಳು ಬಂದಿದಾಳೆ, ಬಾರೇ."

ಇಲಿ ಹೊಲಿಗೆ ಯಂತ್ರದ ಹಿಂದಿನಿಂದ ಬಂದಳು. ಮುಂದಿನ ಹಲ್ಲು ಇರಲಿಲ್ಲ. ಬಿದ್ದು ಹತ್ತು ದಿನವಾಗಿತ್ತಂತೆ.

ಮನೆಗೆ ಬಂದ ಮೊದಲ ದಿನಗಳಲ್ಲಿ ಅವಳು ನನ್ನನ್ನು ಹೊಸ ಟೀಚರನ್ನು ನೋಡುವ ಹಾಗೆ ನೋಡುತ್ತಿದ್ದಳು. ಬೆಳಿಗ್ಗೆ ನನಗಿಂತ ಮೊದಲು ಎದ್ದು ಕುರ್ಚಿ ಎಳೆದು ಕಿಟಕಿ ತೆರೆಯುತ್ತಿದ್ದಳು. ಗಿಡಕ್ಕೆ ನೀರು ಹಾಕಿ, ನೆಲಕ್ಕೂ ಹಾಕಿ, ನೆಲ ಒರೆಸುತ್ತಿದ್ದಳು. ನಾನು ಹೇಳಿರಲಿಲ್ಲ. ಕೇಂದ್ರದ ಹಾಳೆಯ ವಿಷಯವನ್ನೆಲ್ಲ ಅವಳ ಅತ್ತೆ ಹೇಳಿದ್ದಳು. ಶಾಲೆ ಶುರುವಾಯಿತು. ಬಿಟ್ಟು ಬಂದೆ, ಕರೆತಂದೆ. ನನ್ನ ದೀರ್ಘ ರಜೆ ಮುಗಿದಿತ್ತು, ಕಚೇರಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಒಪ್ಪಿದ್ದರು. ಮೂರೂವರೆಯಾಗುವುದರೊಳಗೆ ಶಾಲೆಯ ಬಾಗಿಲಲ್ಲಿ ಇರುತ್ತಿದ್ದೆ. ಬೆಳಿಗ್ಗೆಯಿಂದಲೇ ಆ ಮೂರೂವರೆಗೆ ಸಿದ್ಧಳಾಗುತ್ತಿದ್ದೆ. ಅದೊಂದನ್ನು ಬಿಟ್ಟರೆ ದಿನದಲ್ಲಿ ಬೇರೇನೂ ಉಳಿಯುತ್ತಿರಲಿಲ್ಲ.

ದಿನಾ ಸಂಜೆ ಚೀಲ ಇಳಿಸಿದ ಕೂಡಲೇ ಅವಳು ಕೇಳುತ್ತಿದ್ದಳು. "ಅಮ್ಮ, ಇವತ್ತು ಹತ್ತಕ್ಕೆ ಎಷ್ಟು?"

"ಏಳು."

"ನಂದೂ ಏಳು."

ಮರುದಿನವೂ ಏಳು. ಅದರ ಮರುದಿನವೂ. ಪಕ್ಕದ ಹುಡುಗಿ ಅವಳ ಬಣ್ಣದ ಪೆನ್ಸಿಲ್ ಮುರಿದು ಹಾಕಿದ ದಿನವೂ ಏಳು. ಮೊಣಕಾಲು ತರಚಿಕೊಂಡು ಕಾಲುಚೀಲಕ್ಕೆ ರಕ್ತ ಅಂಟಿದ್ದ ದಿನವೂ ಏಳು.

"ನೋವಾಗ್ಲಿಲ್ವಾ?"

"ಇಲ್ಲ." ಮುಖ ಆ ಕಡೆ ತಿರುಗಿಸಿಕೊಂಡು ಕಾಲುಚೀಲ ಬಿಡಿಸಿಕೊಳ್ಳುತ್ತಿದ್ದಳು. ಅಂಟಿದ್ದ ಜಾಗ ಬಂದಾಗ ಉಸಿರು ಬಿಗಿಹಿಡಿದಳು.

ಮೂರು ಸಲ ಒಂದೇ ಅಂಕಿ ಬಂದರೆ ಫಾರ್ಮನ್ನು ಪಕ್ಕಕ್ಕಿಡಬೇಕು. ಅದು ನಾವು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ. ಇಲಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆರು ವರ್ಷದ ಮಗು, ನೇರವಾಗಿ ಮರದಡಿ ಕೂತುಬಿಟ್ಟಿತ್ತು. ಯಾರ ಪಕ್ಕದಲ್ಲಿ ಕೂತಿತ್ತು ಎಂದೂ ನನಗೆ ಗೊತ್ತಿತ್ತು. ಆದರೂ ಆ ಸಂಜೆ ನಾನು ಗಾಯಕ್ಕೆ ಔಷಧಿ ಹಚ್ಚಿ ಸುಮ್ಮನಾದೆ. ಏನಾದರೂ ಹೇಳಬೇಕಾದರೆ ನನ್ನ ಏಳನ್ನೂ ಹೇಳಬೇಕಾಗುತ್ತಿತ್ತು.

ಶಾಲೆ ಶುರುವಾದ ಐದನೆಯ ವಾರದ ಮಂಗಳವಾರ ನಾನು ಕಚೇರಿಯಿಂದ ಮನೆಗೆ ಬಂದು, ಚಪ್ಪಲಿ ಬಿಡದೆ, ಹತ್ತು ನಿಮಿಷ ಎಂದು ಮಂಚದ ಮೇಲೆ ಒರಗಿದೆ. ಮೂರೂವರೆ ಆಯಿತು. ನಾಲ್ಕಾಯಿತು. ಎದ್ದೇಳು, ಎದ್ದೇಳು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪಕ್ಕದ ಮನೆಯಲ್ಲಿ ಯಾರೋ ಯಾರಿಗೋ ಹೇಳುತ್ತಿದ್ದ ಹಾಗೆ ಕೇಳಿಸಿತು.

ನಾಲ್ಕೂಮುಕ್ಕಾಲಿಗೆ ಬಾಗಿಲು ತೆರೆಯಿತು. ಇಲಿ ಒಬ್ಬಳೇ ಬಂದಿದ್ದಳು. ಶಾಲೆಯಿಂದ ಮನೆಗೆ ಎರಡು ದೊಡ್ಡ ರಸ್ತೆ ದಾಟಬೇಕು.

"ಹೇಗೆ ಬಂದೆ?"

"ಒಬ್ರು ಆಂಟಿ ದಾಟ್ತಿದ್ರು. ಅವರ ಹಿಂದೇನೇ ದಾಟ್ದೆ. ಅವರಿಗೆ ಗೊತ್ತಾಗ್ಲಿಲ್ಲ." ಚೀಲ ಇಳಿಸಿ, ನನ್ನ ಕಾಲಿನ ಚಪ್ಪಲಿಗಳನ್ನು ಒಂದೊಂದಾಗಿ ಬಿಚ್ಚಿ ಗೋಡೆ ಬದಿಗೆ ಜೋಡಿಸಿಟ್ಟಳು. "ಕಾವಲುಗಾರಂಗೆ, ಅಮ್ಮ ಆ ಕಡೆ ನಿಂತಿದಾರೆ ಅಂತ ಹೇಳ್ದೆ. ಅತ್ತೆಗೆ ಹೇಳಲ್ಲಮ್ಮ. ಫೋನ್ ಮಾಡಿದ್ರೆ ಎಂಟು ಅಂತ ಹೇಳ್ತೀನಿ."

"ಎಂಟು ಯಾಕೆ?"

"ಯಾವಾಗ್ಲೂ ಏಳೇ ಅಂದ್ರೆ ಡೌಟ್ ಬರತ್ತೆ ಅವರಿಗೆ."

ಅವಳು ಅಡುಗೆಮನೆಗೆ ಹೋದಳು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆಯುವ ಸದ್ದಾಯಿತು. ನಾನು ಮಲಗಿದ್ದಲ್ಲೇ ಕೈಚಾಚಿ ಫೋನ್ ತೆಗೆದೆ. ಮೊದಲು ಸಲಹಾ ಕೇಂದ್ರಕ್ಕೆ ಮಾಡಿದೆ. ಬೇರೆ ಯಾರೋ ಎತ್ತಿದರು. ನನ್ನ ಹೆಸರಿನ ಮುಂದೆ 'ಸುಧಾರಿಸಿದೆ' ಎಂದು ಬರೆದಿದೆಯಂತೆ. ಮತ್ತೆ ಬರಬೇಕಾದರೆ ಹೊಸದಾಗಿ ಹೆಸರು ಬರೆಸಬೇಕು, ಏಳು ವಾರ ಕಾಯಬೇಕು. "ತುರ್ತು ಇದೆಯಾ ಮೇಡಂ?" ಎಂದರು.

"ನಾನು ಕೊಟ್ಟ ಹಾಳೆಗಳು ಸುಳ್ಳು."

"ಏನಂದ್ರಿ?"

"ಏನಿಲ್ಲ. ಹೆಸರು ಬರ್ಕೊಳ್ಳಿ."

ಆಮೇಲೆ ಅಕ್ಕನಿಗೆ ಮಾಡಿದೆ. ಅವಳಿಗೆ ಎಲ್ಲವನ್ನೂ ಹೇಳಿದೆ. ಮೂರು ಪೆನ್ನಿನ ಸಮೇತ. ಆ ಕಡೆಯಿಂದ ಬರುತ್ತಿದ್ದ ಯಂತ್ರದ ಸದ್ದು ನಿಂತಿತು.

"ಮೊದಲೇ ಹೇಳಿದ್ರೆ ನಾನೇನು ನಿನ್ನ ನುಂಗಿಬಿಡ್ತಿದ್ನಾ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. "ಬರ್ತೀನಿ ಇರು."

ಬಂದಾಗ ಆರೂವರೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಮಂಚದ ತುದಿಯಲ್ಲಿ ಕೂತು ನನ್ನ ಪಾದ ಹಿಡಿದುಕೊಂಡಳು, ಕಾಲು ತಣ್ಣಗಿದೆ ಎಂದಳು. ಆಮೇಲೆ ತನ್ನಷ್ಟಕ್ಕೆ ಹೇಳಿಕೊಳ್ಳುವವಳ ಹಾಗೆ, "ಕಣ್ಣೆದುರೇ ಇತ್ತು. ಪತ್ರ ನೋಡಿದೆ, ನಿನ್ನ ನೋಡ್ಲಿಲ್ಲ" ಎಂದಳು. ನಾನೂ ಜೊತೆಗೆ ಬರಲಿ ಎಂದಳು. ಅವಳ ಮನೆಯಲ್ಲಿ ಮುಂದಿನ ಕೋಣೆಯಲ್ಲಿ ಯಂತ್ರ, ಹಿಂದಿನ ಕೋಣೆಯಲ್ಲಿ ಭಾವ, ಅವರ ತಾಯಿ, ಇಬ್ಬರು ಮಕ್ಕಳು. ಎಲ್ಲಿ ಮಲಗಲಿ ಎಂದು ನಾನು ಕೇಳಲಿಲ್ಲ, ಅವಳೂ ಎರಡನೆಯ ಸಲ ಹೇಳಲಿಲ್ಲ. ಕೆಳಗಿನ ಮನೆಯವರ ನಂಬರ್ ತೆಗೆದುಕೊಂಡಳು. ದಿನಾ ಬೆಳಿಗ್ಗೆ ನನ್ನ ಬಾಗಿಲು ತಟ್ಟಲು ಅವರಿಗೆ ಹೇಳಿದಳು. ಇಲಿಯ ಬಟ್ಟೆಗಳನ್ನು ಹೊರಗಿಟ್ಟಳು.

ಇಲಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು.

"ನಾನು ಹೇಳ್ಲಿಲ್ಲ ಅಮ್ಮ. ನಿಜವಾಗ್ಲೂ ನಾನು ಅತ್ತೆಗೆ ಹೇಳ್ಲಿಲ್ಲ."

"ಗೊತ್ತು ಮರಿ. ನಾನೇ ಹೇಳಿದ್ದು."

"ಯಾಕೆ? ಚೆನ್ನಾಗಿ ಹೋಗ್ತಿತ್ತಲ್ಲ."

ಅವಳ ದನಿಯಲ್ಲಿ ಅಳುವಿರಲಿಲ್ಲ. ಕಷ್ಟಪಟ್ಟು ಕಟ್ಟಿದ್ದನ್ನು ಜೊತೆಯವಳೇ ಒದ್ದು ಬೀಳಿಸಿದಾಗ ಬರುವ ಸಿಟ್ಟಿತ್ತು. ಅಕ್ಕ ಅವಳಿಗೆ ಶೂ ಹಾಕಿಸಲು ಕೂತಳು. ಇಲಿ ಕಾಲು ಕೊಡಲಿಲ್ಲ. ಆಮೇಲೆ ಕೊಟ್ಟಳು.

"ಅಲ್ಲಿ ನಿಂಗೆ ಹೊಸ ಶಾಲೆ. ನಾನೇ ಹೊಲಿದ ಲಂಗ ಹಾಕ್ಕೊಂಡು ಹೋಗ್ಬಹುದು" ಎಂದಳು ಅಕ್ಕ.

"ನಂಗೆ ಬೇಡ."

"ಬೇಡ ಅಂದ್ರೆ ಪ್ಯಾಂಟ್ ಹೊಲೀತೀನಿ."

ನಾನು ಬಾಗಿಲವರೆಗೆ ಎದ್ದು ಬಂದೆ. ಅಷ್ಟಾಯಿತು.

"ಅಲ್ಲಿ ಅತ್ತೆ ಕೇಳಿದ್ರೆ ಎಷ್ಟು ಅಂತ ಹೇಳ್ಬೇಕು?" ಎಂದಳು ಇಲಿ. ನನ್ನನ್ನು ನೋಡದೆ, ಬಾಗಿಲ ಚಿಲಕವನ್ನು ನೋಡುತ್ತ ಕೇಳಿದಳು.

"ಎಷ್ಟಿದ್ಯೋ ಅಷ್ಟು."

ಅವಳು ನಾಲಿಗೆಯಿಂದ ಹಲ್ಲಿಲ್ಲದ ಜಾಗವನ್ನು ತಡವಿದಳು.

"ಒಂದು" ಎಂದಳು.

ಆ ಅಂಕಿಯಲ್ಲಿ ಸುಳ್ಳು ಹುಡುಕಲು ನನಗೆ ಏನೂ ಇರಲಿಲ್ಲ. ಅಕ್ಕ ಚೀಲವನ್ನು ಹೆಗಲಿಗೇರಿಸಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದಳು. ಅವರು ಮೆಟ್ಟಿಲಿಳಿದು ಹೋದರು.